ಅರವತ್ತೊಂದನೆಯ ಬಿಲ್ಲೆ

ಅಚ್ಚು ಕೆತ್ತುವ ಕೆಲಸಕ್ಕೆ ಹೊಸದಾಗಿ ಬಂದವರು ನನ್ನನ್ನು ಕಂಡ ಕೂಡಲೇ ಕೇಳುವುದು ಒಂದೇ ಮಾತು: “ನಕಲು ಮಾಡೂದು ತಪ್ಪಲ್ಲೇನ್ರಿ ಮಾಮಾ?” ಕೇಳುವಾಗ ಮುಖದಲ್ಲಿ ಒಂದು ಕಳ್ಳ ನಗೆ ಬೇರೆ. ನನಗೆ ಸಿಟ್ಟು ನೆತ್ತಿಗೇರುತ್ತದೆ. ನಕಲು ಮಾಡುವುದು ತಪ್ಪಲ್ಲವಯ್ಯಾ. ಇದು ನಕಲು ಎಂದು ಬೆನ್ನಿಗೊಂದು ಗುರುತು ಒತ್ತದೆ ಬಿಡುವುದು ತಪ್ಪು. ಆ ತಪ್ಪನ್ನು ನಾನು ಇಷ್ಟು ವರ್ಷದಲ್ಲಿ ಒಂದೇ ಸಲ ಮಾಡಿದೆ. ಅದನ್ನು ಹೇಳದೆ ನಿಮಗೆ ಉಳಿ ಹಿಡಿಯುವುದು ಹೇಗೆ, ಒತ್ತು ಕೊಡುವುದು ಹೇಗೆ ಎಂದು ಪಾಠ ಒಪ್ಪಿಸಿದರೆ ಅರ್ಧ ಕಲಿಸಿದಂತೆ.

ಆಗಿನ ನನ್ನ ಕೆಲಸ ಇಷ್ಟು. ಇಡೀ ಲೋಕವೇ ಹೊಡೆದಾಡಿದ ಆ ಎರಡನೆಯ ದೊಡ್ಡ ಯುದ್ಧವಿತ್ತಲ್ಲ, ಅದರಲ್ಲಿ ವಿಮಾನದಿಂದ ಛತ್ರಿ ಕಟ್ಟಿಕೊಂಡು ಜಿಗಿಯುತ್ತಿದ್ದ ಸೈನಿಕರು ಟೊಪ್ಪಿಗೆಗೆ ಸಿಕ್ಕಿಸಿಕೊಳ್ಳುತ್ತಿದ್ದ ಬಿಲ್ಲೆಗಳನ್ನು ವಿಜಯಪುರದಲ್ಲಿ ಕುಳಿತು ಹೊಸದಾಗಿ ಮಾಡುವುದು. ಕೊಳ್ಳುವವರು ಪರದೇಶದವರು. ಕೆಲವರು ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಡುವ ಹವ್ಯಾಸಿಗಳು. ಇನ್ನು ಕೆಲವರು ಆ ಕಾಲದ ದಿರಿಸು ಹಾಕಿಕೊಂಡು ಬಯಲಿನಲ್ಲಿ ಆ ಯುದ್ಧವನ್ನೇ ಮತ್ತೆ ಆಡಿ ತೋರಿಸುವವರು. ಇದನ್ನು ಮೊದಲ ಸಲ ನನ್ನ ಹೆಂಡತಿಗೆ ಬಿಡಿಸಿ ಹೇಳಿದಾಗ ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಅಂದ್ರ ದೊಡ್ಡಾಟದವ್ರಿಗೆ ಭುಜಕೀರ್ತಿ ಮಾಡಿ ಕೊಟ್ಟಂಗ ಅನ್ರಿ” ಎಂದಳು. ಇಷ್ಟು ಸರಿಯಾಗಿ ನನ್ನ ಕೆಲಸವನ್ನು ಬೇರೆ ಯಾರೂ ಹೇಳಿಲ್ಲ.

ಕೆಲಸ ಕಲಿಸಿದವರು ಬಬಲೇಶ್ವರದ ಮೌನಪ್ಪ ಪತ್ತಾರರು, ನಮಗೆಲ್ಲ ಉಸ್ತಾದರು. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಬಸ್ ಕಂಡಕ್ಟರರ ಬಿಲ್ಲೆ, ಸಾಲಿ ಮಕ್ಕಳ ಬಿಲ್ಲೆ, ಏಪ್ರಿಲ್ ಬಂತೆಂದರೆ ನಮ್ಮ ಓಣಿಯ ಜಯಂತಿಗೆ ನೀಲಿ ಚಕ್ರದ ಬಿಲ್ಲೆ. ನಾನು ಅವರಲ್ಲಿ ಸೇರಿದ ಮೊದಲ ವರ್ಷವೇ ಒಂದು ಸಾಲಿಯ ಅಚ್ಚನ್ನು ಸುಲ್ಟಾ ಕೆತ್ತಿಬಿಟ್ಟೆ. ಅಚ್ಚಿನಲ್ಲಿ ಅಕ್ಷರ ಉಲ್ಟಾ ಇರಬೇಕು, ಒತ್ತಿದಾಗ ತಗಡಿನ ಮೇಲೆ ಸರಿಯಾಗಿ ಬೀಳುತ್ತದೆ. ನಾನು ಸರಿಯಾಗಿ ಕೆತ್ತಿದ್ದರಿಂದ ಮುನ್ನೂರು ಮಕ್ಕಳ ಎದೆಯ ಮೇಲೆ ಸಾಲಿಯ ಹೆಸರು ಕನ್ನಡಿಯಲ್ಲಿ ಓದುವ ಹಾಗೆ ಬಂತು. ಹೆಡ್ಮಾಸ್ತರರು ಬಂದು ಕುಣಿದಾಡಿ ಹೋದರು. ಉಸ್ತಾದರು ಬೈಯಲಿಲ್ಲ. ಒಂದು ಕನ್ನಡಿ ಕೊಟ್ಟು, ತಿಂಗಳ ತನಕ ಪೇಪರನ್ನು ಅದರಲ್ಲೇ ಓದಬೇಕು ಎಂದರು. “ನಾವು ಸುಳ್ಳ ಕೆತ್ತಬೇಕು, ಅದು ಖರೇ ಆಗಿ ಹೊರಗ ಬರತೈತಿ. ತಿಳೀತಿಲ್ಲೋ ಮಂಗ್ಯಾ?” ಎಂದರು.

ಓದಿದೆ. ಇಪ್ಪತ್ತು ದಿನವಾಗುವಷ್ಟರಲ್ಲಿ ಕನ್ನಡಿಯ ಅಕ್ಷರ ಸರಾಗವಾಯಿತು, ಪೇಪರಿನ ಅಕ್ಷರವೇ ಅಪರಿಚಿತವೆನ್ನಿಸತೊಡಗಿತು. ಎದುರಿಗೆ ಬಂದ ಗುರುತಿನವರ ಮುಖವೂ ಒಂದು ಗಳಿಗೆ ಬೇರೆಯವರ ಮುಖದ ಹಾಗೆ ಕಾಣುತ್ತಿತ್ತು, ಆಮೇಲೆ ತಾನೇ ಸರಿಹೋಗುತ್ತಿತ್ತು. ಉಸ್ತಾದರಿಗೆ ಹೇಳಿದೆ. ಅವರು ನಗಲಿಲ್ಲ. “ಇನ್ನ ಬಿಡು ಹಂಗಾರ, ಕೆಲಸ ಹತ್ತಿತು ನಿನಗ” ಎಂದು ಕನ್ನಡಿ ಕಸಿದುಕೊಂಡರು.

ಪ್ಯಾರಾಚೂಟ್ ಬಿಲ್ಲೆಯ ಕೆಲಸ ತಂದವನು ಪುಣೆಯಲ್ಲಿ ವ್ಯಾಪಾರ ಮಾಡುವ ಒಬ್ಬ ಸೇಠ. ಮೂಲ ಅಥಣಿ ಕಡೆಯವನು, ಹಾಗಾಗಿ ನಮ್ಮಂತೆಯೇ ಮಾತು. ಉಸ್ತಾದರು ತೀರಿಕೊಂಡು ಅಂಗಡಿ ನನ್ನ ಕೈಗೆ ಬಂದ ಮೇಲೆ ಸಿಕ್ಕ ಗಿರಾಕಿ. ಅವನು ಮೊದಲು ಕೊಟ್ಟ ಮಾದರಿಯಲ್ಲಿ ನಡುವೆ ಬಿಚ್ಚಿದ ಛತ್ರಿ, ಎರಡು ಬದಿಗೆ ರೆಕ್ಕೆ, ಮೇಲೆ ಕಿರೀಟ, ಕಿರೀಟದ ಮೇಲೆ ಸಿಂಹ. ನಾನು ಕಿರೀಟ ಅಂದರೆ ಕಿರೀಟ ಎಂದುಕೊಂಡು, ನೋಡಲು ಚಂದ ಕಂಡ ಬೇರೊಂದು ಚಿತ್ರದ ಕಿರೀಟ ಕೂರಿಸಿದೆ. ಇಡೀ ಸರಕು ವಾಪಸ್ ಬಂತು. “ಯುದ್ಧದಾಗ ಇದ್ದಾವ ರಾಜ. ನೀ ರಾಣಿ ಕಿರೀಟ ಕುಂದ್ರಿಸಿ. ಆಕಿ ಪಟ್ಟಕ್ಕ ಬಂದದ್ದ ಆಮ್ಯಾಲ. ಹುಟ್ಟಲಾರದ ಕೂಸಿಗೆ ಜವಳ ತಗಸಿದಂಗ ಆತಲ್ಲೋ ಮಾರಾಯಾ!” ಎಂದು ಸೇಠ ಫೋನಿನಲ್ಲಿ ಹಾರಾಡಿದ. ಅಂದಿನಿಂದ ಮಾದರಿಯಲ್ಲಿ ಇದ್ದುದನ್ನು ಇದ್ದ ಹಾಗೆ, ಗೀರು ಇದ್ದರೆ ಗೀರು ಸಮೇತ ಕೆತ್ತತೊಡಗಿದೆ. ಇದನ್ನೇ ನಾನು ದೊಡ್ಡ ಗುಣವೆಂದುಕೊಂಡಿದ್ದೆ.

ಒಮ್ಮೆ ಸೇಠ ಒಂದು ಫೋಟೊ ಕಳಿಸಿದ. ಹತ್ತಿಪ್ಪತ್ತು ಮಂದಿ ಸೈನಿಕರು ಒಂದು ವಿಮಾನದ ರೆಕ್ಕೆಯ ಕೆಳಗೆ ಕುಳಿತು ಚಹಾ ಕುಡಿಯುತ್ತಿದ್ದಾರೆ. ಹಳೆಯ ಕಂದು ಬಣ್ಣದ ಫೋಟೊ. ಹೆಂಡತಿ ಬಹಳ ಹೊತ್ತು ನೋಡಿದಳು. “ಇವ್ರು ಸತ್ತವ್ರೇನ್ರಿ, ಬದುಕಿದವ್ರೇನ್ರಿ?” ಎಂದಳು. ಆಟದವರ ಫೋಟೊ ಇರಬೇಕು ಎಂದೆ. ಆದರೂ ಸಂಶಯ ಬಂದು ಸೇಠನನ್ನು ಕೇಳಿದೆ. ಅವನು, “ನನ್ನ ಹಂತೇಕ ಎರಡೂ ಥರದ್ದು ಒಂದ ಕಡೆ ಕೂಡ್ಯಾವ. ಯಾವುದ ಯಾವುದು ನನಗೂ ಗುರ್ತ ಹತ್ತವಲ್ದು” ಎಂದ. ಆ ದಿನ ಮಧ್ಯಾಹ್ನ ನಾನು ಭೂತಗನ್ನಡಿ ಹಿಡಿದು ಆ ಫೋಟೊದ ಟೊಪ್ಪಿಗೆಗಳನ್ನು ಒಂದೊಂದಾಗಿ ನೋಡಿದೆ. ನನ್ನ ಬಿಲ್ಲೆಯೋ, ಅಸಲಿಯೋ, ನನಗೆ ಹೇಳಲಾಗಲಿಲ್ಲ. ಹೆಮ್ಮೆ ಪಟ್ಟೆ.

ಕಾಲ ಬದಲಾಯಿತು. ಚೌಕದ ಓಣಿಯಿಂದ ಅಥಣಿ ರಸ್ತೆಯ ಹೊಸ ಬಡಾವಣೆಗೆ ಬಂದೆವು. ಅಲ್ಲಿ ಪ್ರೆಸ್ಸಿನ ಸದ್ದಿಗೆ ಅಕ್ಕಪಕ್ಕದವರು ತಕರಾರು ತೆಗೆದರೆಂದು ಅದರ ಕಾಲಿಗೆ ಹಳೆ ಟೈರು ಕಟ್ಟಿದೆ. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿದರೆ ಯಂತ್ರವೇ ಅಚ್ಚು ಕೊರೆಯುವ ದಿನ ಬಂತು. ನೀವೆಲ್ಲ ಆ ದಿನದವರು. ನಿಮ್ಮ ಕೈಗೆ ಉಳಿಯ ಗಾಯವಿಲ್ಲ, ನನಗೆ ಹೊಟ್ಟೆಕಿಚ್ಚೂ ಇಲ್ಲ. ಆದರೆ ಹಳತು ಮಾಡುವ ವಿದ್ಯೆ ಯಂತ್ರಕ್ಕೆ ಬರಲಿಲ್ಲ. ಹೊಸ ಬಿಲ್ಲೆ ಹೊಳೆಯುತ್ತದೆ, ಆಟದವರಿಗೆ ಹೊಳಪು ಬೇಡ. ಹುಣಸೆಹುಳಿ, ಉಪ್ಪು, ಆಮ್ಲದ ಆವಿ, ಇವಕ್ಕೆಲ್ಲ ಒಂದು ಲೆಕ್ಕ ಇತ್ತು, ಅದು ನನ್ನ ಕೈಗೆ ಗೊತ್ತಿತ್ತು.

ಹೀಗಿರುವಾಗ ಸೇಠ ಒಂದು ಹೊಸ ಮಾದರಿ ತಂದ. ಅದೇ ಛತ್ರಿ, ಅದೇ ರೆಕ್ಕೆ, ಆದರೆ ಛತ್ರಿಯ ಬುಡದಲ್ಲಿ ‘ಇಂಡಿಯಾ’ ಎಂದು ಇಂಗ್ಲಿಷಿನ ಸಣ್ಣ ಅಕ್ಷರ. ಯುದ್ಧ ಮುಗಿಯುವ ಹೊತ್ತಿಗೆ ನಮ್ಮವರದೇ ಒಂದು ಛತ್ರಿ ಪಡೆ ಕಟ್ಟಿದ್ದರಂತೆ, ಅದರದು. ಬಹಳ ಅಪರೂಪ ಎಂದ. ಆಗ ಮನೆಗೆ ಬಂದಿದ್ದ ನನ್ನ ಹೆಂಡತಿಯ ತಮ್ಮ ಯಶವಂತ, ಹೊನವಾಡದಲ್ಲಿ ದ್ರಾಕ್ಷಿ ಬೆಳೆಯುವವನು, ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದೇನ್ರಿ ಮಾವಾರ, ನಮ್ಮ ಇಂಡಿ ತಾಲೂಕಿಂದ? ಅಲ್ಲೂ ವಿಮಾನದಾಗಿಂದ ಜಿಗೀತಿದ್ರೇನು?” ಎಂದ. ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಸೇಠ ಕೇಳಿದ್ದು ಅರವತ್ತು. ಎರಡು ಮಾತು ಹೆಚ್ಚಿಗೆ ಹೇಳಿದ. ನೆಲದೊಳಗಿಂದ ತೆಗೆದ ಹಾಗೆ ಕಾಣಬೇಕು. ಬೆನ್ನಿಗೆ ನನ್ನ ಗುರುತು ಇರಬಾರದು. ಮೊದಲನೆಯದಕ್ಕೆ ಒಪ್ಪಿದೆ, ಎರಡನೆಯದಕ್ಕೆ ಒಪ್ಪಬಾರದಿತ್ತು. ಆಸೆಯಿಂದ ಒಪ್ಪಿದೆನೆಂದು ತಿಳಿಯಬೇಡಿ, ಸೊಕ್ಕಿನಿಂದ ಒಪ್ಪಿದೆ. ಗುರುತಿಲ್ಲದಿದ್ದರೆ ನನ್ನ ಕೆಲಸ ಯಾರಿಗಾದರೂ ಸಿಕ್ಕುಬೀಳುತ್ತದೋ ನೋಡೇಬಿಡೋಣ ಎಂಬ ಸೊಕ್ಕು. ಹಳೇ ಪಾತ್ರೆಯ ಬಿಳಿ ಲೋಹವನ್ನೇ ಹುಡುಕಿ ತಂದು ಅರವತ್ತು ಒತ್ತಿದೆ, ಆಮ್ಲದ ಆವಿ ಹಿಡಿಸಿದೆ. ಹತ್ತತ್ತು ಬಿಲ್ಲೆಗಳ ಹಿಂದಿನ ಕೊಂಡಿಗಳಿಗೆ ತಂತಿ ಪೋಣಿಸಿ ಆರು ಸರ ಮಾಡಿದೆ.

ಟಿಕೋಟಾ ದಾಟಿ ಹೊನವಾಡದ ಹೊಲಕ್ಕೆ ಹೋದೆ. ಎರೆಮಣ್ಣಿನಷ್ಟು ಬೇಗ ಲೋಹವನ್ನು ಮುದಿಯಾಗಿಸುವುದು ಇನ್ನೊಂದಿಲ್ಲ. ಯಶವಂತನ ಹೊಲದ ಬಡಗಣ ಮೂಲೆಯಲ್ಲಿ ಒಂದು ಚೂರು ಜಾಗ ಉತ್ತಿರಲಿಲ್ಲ. ಯಾಕೆ ಎಂದು ಕೇಳಿದೆ. “ಹೊಲಾ ಕೊಟ್ಟವ್ರು ಆ ಮೂಲಿ ಉಳಬ್ಯಾಡ್ರಿ ಅಂದಿದ್ರು. ಯಾಕಂತ ಅವ್ರೂ ಹೇಳಲಿಲ್ಲ, ನಾವೂ ಕೇಳಲಿಲ್ಲ” ಎಂದ. ನೇಗಿಲು ತಾಗದ ಜಾಗ ಒಳ್ಳೆಯದೇ ಆಯಿತೆಂದು ಮೊಳದಾಳ ಅಗೆದು ಆರು ಸರವನ್ನೂ ಹುಗಿದೆವು.

ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಿತು. ಎರೆಹೊಲದ ಗುಣ ನಿಮಗೆ ಗೊತ್ತಿರಬೇಕು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮೇಲಿನದನ್ನು ಒಳಗೆ ನುಂಗುತ್ತದೆ. ಮಳೆ ಬಿದ್ದರೆ ಉಬ್ಬಿ, ಒಳಗಿನದನ್ನು ಮೇಲೆ ನೂಕುತ್ತದೆ. ನಾವು ತೆಗೆಯಲು ಹೋದಾಗ ತಂತಿ ತಿಂದುಹೋಗಿತ್ತು, ಬಿಲ್ಲೆಗಳು ಚೆಲ್ಲಾಪಿಲ್ಲಿಯಾಗಿದ್ದವು. ಸೊಂಟದಾಳ ಅಗೆದು, ಮಣ್ಣನ್ನು ಜರಡಿ ಹಿಡಿದು ಒಂದೊಂದಾಗಿ ಆರಿಸಿದೆವು. ನೆತ್ತಿಯ ಮೇಲೆ ಸೂರ್ಯ, ಒಂದು ಹಕ್ಕಿಯ ಸದ್ದೂ ಇಲ್ಲ. ಯಶವಂತ ಗೋಣಿಚೀಲದ ಮೇಲೆ ಸಾಲಾಗಿ ಜೋಡಿಸಿ ಎಣಿಸಿದ. ಮತ್ತೆ ಎಣಿಸಿದ.

“ಮಾವಾರ, ಅರವತ್ತೊಂದ ಅದಾವಲ್ರಿ.”

“ನಿನಗ ಎಣಸಾಕ ಬರಂಗಿಲ್ಲ ಬಿಡು” ಎಂದು ನಾನೇ ಎಣಿಸಿದೆ. ಅರವತ್ತೊಂದು. ಒಂದು ಸರಕ್ಕೆ ಹನ್ನೊಂದು ಪೋಣಿಸಿರಬೇಕು ಎಂದೆ. ಪೋಣಿಸಿರಲಿಲ್ಲ, ಅದು ನನಗೆ ಗೊತ್ತಿತ್ತು. ಒತ್ತಿದ್ದೇ ಅರವತ್ತು. ಆದರೆ ಗೊತ್ತಿದ್ದುದನ್ನು ಗೊತ್ತಿಲ್ಲವೆಂದುಕೊಂಡರೆ ಊಟ ರುಚಿಸುತ್ತದೆ ನೋಡಿ, ಹಾಗೆ ಅಂದುಕೊಂಡೆ. ಹೆಚ್ಚಾದ ಒಂದು ಮಾದರಿಗೆ ಆಯಿತೆಂದು, ಕೈಗೆ ಸಿಕ್ಕ ಒಂದನ್ನು ಮರುದಿನವೇ ಪುಣೆಗೆ ಕೊರಿಯರ್ ಮಾಡಿದೆ.

ಎಂಟು ದಿನದ ಮೇಲೆ ಯಶವಂತನ ಫೋನು. “ಮಾವಾರ, ಲಗೂನ ಬರ್ರಿ. ಚಂದ್ರವ್ವ ಅನ್ನೋ ಮುದುಕಿ ಆ ತಗ್ಗಿನ ದಂಡಿಗೆ ಕುಂತ ಬಿಟ್ಟಾಳ, ಏಳವಲ್ಲಳು.”

ಹೋದೆ. ನಾವು ಅಗೆದ ತಗ್ಗು ಹಾಗೇ ತೆರೆದಿತ್ತು. ಅದರ ಅಂಚಿಗೆ ಎಂಬತ್ತರ ಒಬ್ಬ ಮುದುಕಿ ಕಾಲು ಚಾಚಿ ಕುಳಿತಿದ್ದಳು. ಈ ಹೊಲ ಮೊದಲು ಅವಳ ಚಿಕ್ಕಪ್ಪಂದಿರದು. ನಾವು ಹುಗಿದಾಗಲೂ ತೆಗೆದಾಗಲೂ ಆಕೆ ಬಬಲೇಶ್ವರದಲ್ಲಿ ಮಗಳ ಮನೆಯಲ್ಲಿದ್ದಳು, ಹಾಗಾಗಿ ಯಾರೂ ತಡೆದಿರಲಿಲ್ಲ. ಬಂದವನನ್ನು ಆಕೆ ನೋಡಲಿಲ್ಲ. ತಗ್ಗಿನೊಳಗೂ ನೋಡುತ್ತಿರಲಿಲ್ಲ. ಕೈಯನ್ನು ಹಣೆಗೆ ಅಡ್ಡ ಹಿಡಿದು ಮುಗಿಲು ನೋಡುತ್ತಿದ್ದಳು.

“ಯವ್ವಾ, ಏನ ನೋಡಾಕತ್ತಿ?” ಎಂದೆ.

“ನಮ್ಮಪ್ಪನ್ನ” ಎಂದಳು. ಬರುವ ಬಸ್ಸು ನೋಡುತ್ತಿದ್ದೇನೆ ಎನ್ನುವಷ್ಟು ಸಹಜವಾಗಿ.

ಅವಳ ಅಪ್ಪ ಸಿದರಾಮ, ಈಕೆ ಎರಡು ವರ್ಷದವಳಿದ್ದಾಗ ಫೌಜಿಗೆ ಹೋದವನು. ಉಳಿದದ್ದನ್ನು ಅವಳ ಮಾತಿನಲ್ಲೇ ಹೇಳುತ್ತೇನೆ. “ಬರ್ಮಾ ಕಡೆ ಎಲ್ಲೋ ವಿಮಾನದಾಗಿಂದ ಜಿಗಿದಾನಂತ. ಜಿಗದದ್ದ ನೋಡ್ಯಾರ, ಇಳದದ್ದ ಯಾರೂ ನೋಡಿಲ್ಲಂತ. ಹೆಣಾ ಸಿಗಲಿಲ್ಲ. ಕಾಗದದಾಗ ಹಂಗ ಬರದಿದ್ರು. ನಮ್ಮವ್ವ ಓದಸಿ ಕೇಳಿ, ಇಳದಿಲ್ಲ ಅಂದಮ್ಯಾಗ ಇನ್ನೂ ಇಳಿಯಾಕತ್ತಾನ ಅಂತ ಹಿಡದ್ಲು. ದಿನಾ ಮಾಳಗಿ ಏರಿ ಒಂದ ತಂಬಿಗಿ ನೀರ ಇಟ್ಟ ಬರತಿದ್ಲು. ನಡದ್ರೂ ಮುಗಲ ನೋಡ್ಕೋತನ ನಡೀತಿದ್ಲು, ಎಡವಿ ಎರಡ ಸಲಾ ಬಾವಿ ಪಾಲಾಗ್ತಿದ್ಲು. ಕಡೀಕ ಹಿರ್ಯಾರು ಕೂಡಿ, ಫೌಜಿನಿಂದ ಅವನ ಸಾಮಾನಿನ ಡಬ್ಬಿಯೊಳಗ ಬಂದಿದ್ದ ಟೊಪಗಿ ಬಿಲ್ಲೆ ತಂದು, ಮಣ್ಣ ಕೊಟ್ಟ ಶಾಸ್ತ್ರ ಮಾಡಿ ಇಲ್ಲಿ ಹುಗದ್ರು. ಇಗಾ ನೋಡಬೇ, ಇಳದಾನ, ನೆಲಾ ಸೇರ್ಯಾನ ಅಂದ್ರು. ನಾ ಏಳ ವರ್ಷದಾಕಿ. ಅವತ್ತಿಂದ ನಮ್ಮವ್ವ ತೆಳಗ ನೋಡಿ ನಡದ್ಲು.”

ಆಮೇಲೆ ಮೊದಲ ಸಲ ನನ್ನ ಕಡೆ ತಿರುಗಿದಳು. “ನೀ ಅವನ್ನ ಮತ್ತ ಮ್ಯಾಲ ಏರಿಸಿದಿ, ತಮ್ಮಾ.”

ಅದೇ ಪಡೆ, ಅದೇ ಬಿಲ್ಲೆ, ಆ ಮೂಲೆಯೇ! ಜಿಲ್ಲೆಯಲ್ಲಿ ಇಷ್ಟು ಸಾವಿರ ಎಕರೆ ಎರೆ ಬಿದ್ದಿರುವಾಗ ನನ್ನ ಸನಿಕೆ ಅಲ್ಲೇ ಬೀಳಬೇಕಿತ್ತೇ? ಇದನ್ನು ಕಾಕತಾಳೀಯ ಎನ್ನುವವರು ಎನ್ನಲಿ. ನಾನು ಅಂದು ಆ ತಗ್ಗಿನೊಳಗೆ ಇಣುಕಲಿಲ್ಲ.

“ನನಗೇನ ಕಡಿಮಿ ಆಗೈತಿ ಅನ್ನಂಗಿಲ್ಲ” ಎಂದಳು ಚಂದ್ರವ್ವ. “ಮಕ್ಕಳದಾರ, ಮೊಮ್ಮಕ್ಕಳದಾರ. ನನಗಿರೂದ ಒಂದ ಆಸೆ. ಸತ್ರ ಅವನ ಬಾಜೂಕ ಇಡ್ರಿ ಅಂತ ಮಗಗ ಹೇಳಿಟ್ಟೇನಿ. ಬದುಕಿದ್ದಾಗ ಅಪ್ಪನ ಬಾಜೂಕ ಒಂದ ದಿನಾ ಮಲಗಿದ್ದ ನೆನಪಿಲ್ಲ ನನಗ. ಈಗ ಬರೇ ತಗ್ಗ ಐತಿ. ಯಾರ ಬಾಜೂಕ ಮಲಗ್ಲಿ ನಾ?”

ನನ್ನ ಬಾಯಿಂದ ಬಂದ ಮಾತು ಕೇಳಿ: “ಚಿಂತಿ ಮಾಡಬ್ಯಾಡವ್ವಾ. ಅರವತ್ತ ನನ್ನ ಕೈಲೆ ಮಾಡಿದ್ದು. ನನ್ನ ಕೂಸು ನನಗ ಗುರ್ತ ಸಿಗಂಗಿಲ್ಲೇನು? ಉಳದದ್ದ ನಿಮ್ಮಪ್ಪಂದು. ನಾಳೆ ತಂದ ಕೊಡತೇನಿ.” ಒಂದು ಆಗಲೇ ಪುಣೆಗೆ ಹೋಗಿದೆ ಎಂಬುದನ್ನು ನುಂಗಿಕೊಂಡೆ. ಅದು ನನ್ನದೇ ಇರುತ್ತದೆ, ಅರವತ್ತೊಂದರಲ್ಲಿ ಅಸಲಿಯೇ ಹೋಗಿರಲು ಸಾಧ್ಯವೇ ಎಂದು ಸಮಾಧಾನ ಮಾಡಿಕೊಂಡೆ.

ಮನೆಗೆ ಬಂದು ಮೇಜಿನ ಮೇಲೆ ಅರವತ್ತನ್ನೂ ಹರಡಿದೆ. ತಕ್ಕಡಿಯಲ್ಲಿ ತೂಗಿದೆ. ಎಲ್ಲವೂ ಕೂದಲೆಳೆಯಷ್ಟು ಹೆಚ್ಚುಕಡಿಮೆ. ಅಂಚು ನೋಡಿದೆ, ಕೊಂಡಿ ನೋಡಿದೆ, ಲೋಹದ ಬಣ್ಣ ನೋಡಿದೆ. ಮಣ್ಣು ಮತ್ತು ನನ್ನ ಆಮ್ಲ ಕೂಡಿ ಎಲ್ಲವನ್ನೂ ಒಂದೇ ವಯಸ್ಸಿಗೆ ತಂದಿದ್ದವು. ಆಗ ಒಂದು ಉಪಾಯ ಹೊಳೆಯಿತು. ನನ್ನ ಅಚ್ಚಿನಲ್ಲಿ ಬಲ ರೆಕ್ಕೆಯ ನಾಲ್ಕನೆಯ ಗರಿಯ ತುದಿ ಮುರಿದಂತೆ ಇತ್ತು. ಉಳಿ ಜಾರಿ ಆದ ಊನ ಎಂದು ನನ್ನ ನೆನಪು. ನನ್ನವೆಲ್ಲಕ್ಕೂ ಆ ಊನ ಇರಲೇಬೇಕು, ಸಿದರಾಮನದಕ್ಕೆ ಇರಬಾರದು. ಇಷ್ಟೇ ತಾನೇ!

ಭೂತಗನ್ನಡಿ ಹಿಡಿದು ಒಂದರಿಂದ ಶುರು ಮಾಡಿದೆ. ಅರವತ್ತನೆಯದನ್ನೂ ನೋಡಿ ಕೆಳಗಿಟ್ಟೆ. ಅರವತ್ತಕ್ಕೂ ಗರಿ ಮುರಿದಿತ್ತು. ಹೆಂಡತಿ ಒಳಗೆ ಬಂದು ನನ್ನ ಮುಖ ನೋಡಿ, “ಏನಾತ್ರಿ, ಯಾರನ್ನ ನೋಡಿದ್ರಿ?” ಎಂದಳು. ಏನನ್ನು ಎನ್ನಲಿಲ್ಲ, ಯಾರನ್ನು ಎಂದಳು.

ಹಾಗಾದರೆ ಹೋದದ್ದೇ ಅಸಲಿಯೋ? ಸೇಠನಿಗೆ ಫೋನು ಮಾಡಿ, ಕಳಿಸಿದ ಬಿಲ್ಲೆಯ ನಾಲ್ಕನೆಯ ಗರಿ ಮುರಿದಿದೆಯೋ ಇಲ್ಲವೋ ನೋಡಿ ಹೇಳು ಎಂದೆ. ಅವನು ನಕ್ಕ. “ಮುರದೈತಿ. ಆ ಮಾದರಿ ಬಿಲ್ಲೆದಾಗೂ ಮುರದಿತ್ತಲ್ಲ! ಆಗಿನ ಕಾರ್ಖಾನಿ ಅಚ್ಚಿನ ದೋಷ ಅದು. ನೀ ಅದನ್ನೂ ಬಿಡಲಾರದ ಕೆತ್ತಿ ಅಂತ ನಾ ಎಲ್ಲಾರ ಮುಂದ ಹೊಗಳೇನಿ ನಿನ್ನ.”

ನನ್ನದೆಂದು ನಾನು ನೆನಪಿಟ್ಟುಕೊಂಡಿದ್ದ ಊನವೂ ನನ್ನದಾಗಿರಲಿಲ್ಲ. ನನ್ನ ಕೈಗೆ ತನ್ನದು ಎನ್ನುವುದು ಏನೂ ಉಳಿದಿರಲಿಲ್ಲ. ಆ ಬಿಲ್ಲೆ ವಾಪಸ್ ಕಳಿಸು ಎಂದೆ. “ಅದೆಲ್ಲಿ ಐತಿ? ಪರದೇಶದಾವ ಒಬ್ಬ ನೋಡಿದ ಕೂಡಲೇ ಒಯ್ದ. ಟೊಪಗಿಗಿ ಹಚಗೊಂಡು ವಿಮಾನದಾಗಿಂದ ಜಿಗೀತಾನಂತ. ಅಷ್ಟ ಖರೇ ಕಂಡೈತಿ ಅವಗ” ಎಂದ. ನಾನು ಫೋನು ಇಟ್ಟೆ.

ಅರವತ್ತನ್ನೂ ಒಂದು ಅರಿವೆಯಲ್ಲಿ ಕಟ್ಟಿಕೊಂಡು ಹೊನವಾಡಕ್ಕೆ ಹೋದೆ. ಚಂದ್ರವ್ವ ಅಂದು ಮನೆಯ ಕಟ್ಟೆಯ ಮೇಲಿದ್ದಳು. ಅವಳ ಮುಂದೆ ಗಂಟು ಬಿಚ್ಚಿ, “ಗುರ್ತ ಸಿಗಲಿಲ್ಲವ್ವಾ. ಸೋತೇನಿ. ಅರವತ್ತೂ ಅಲ್ಲೇ ಹುಗಿತೇನಿ. ಅದರಾಗ ಯಾವುದೋ ಒಂದು ಅವಂದ ಇರತೈತಿ. ನನ್ನ ಸರಕ ಹೋದ್ರ ಹೋಗ್ಲಿ” ಎಂದೆ. ಆಕೆ ಒಂದೊಂದನ್ನೂ ಎತ್ತಿ ಹೆಬ್ಬೆರಳಿನಿಂದ ಸವರಿ ಮಗ್ಗುಲಿಗಿಟ್ಟಳು. ಎಣಿಸುತ್ತಿದ್ದಾಳೆಂದು ನನಗೆ ಹೊಳೆಯಲಿಲ್ಲ.

“ಯಶವಂತ ಅರವತ್ತೊಂದ ಅಂದಿದ್ನಲ್ಲ?”

ಆಗ ಸುಳ್ಳು ಹೇಳಬಹುದಿತ್ತು. ಯಶವಂತನಿಗೆ ಎಣಿಸಲು ಬರುವುದಿಲ್ಲ ಎಂದು ಇನ್ನೊಮ್ಮೆ ಅಂದರೆ ಮುಗಿಯುತ್ತಿತ್ತು. ಆದರೆ ಅವಳ ಹೆಬ್ಬೆರಳಿಗೆ ಮಣ್ಣು ಮೆತ್ತಿದ್ದುದನ್ನು ನೋಡಿ ನಾಲಿಗೆ ಏಳಲಿಲ್ಲ. ಒಂದನ್ನು ಪುಣೆಗೆ ಕಳಿಸಿದ್ದನ್ನು, ಅದು ಕಡಲು ದಾಟಿದ್ದನ್ನು, ಅದನ್ನು ಹಚ್ಚಿಕೊಂಡು ಯಾವನೋ ಜಿಗಿಯಲಿರುವುದನ್ನು ಎಲ್ಲ ಹೇಳಿಬಿಟ್ಟೆ.

ಆಕೆ ಅಳುತ್ತಾಳೆ, ಶಪಿಸುತ್ತಾಳೆ ಎಂದುಕೊಂಡಿದ್ದೆ. ಬೊಚ್ಚು ಬಾಯಿ ತೆರೆದು ನಕ್ಕುಬಿಟ್ಟಳು. “ಹಂಗಾರ ಹೋದಾವ ಅವನ. ಮನ್ಯಾಗ ಕುಂಡ್ರು ಅಂದ್ರ ಕುಂಡ್ರಾವಲ್ಲ ಅಂವ. ಹೋಗೂದಂದ್ರ ಮೊದಲ ಎದ್ದ ನಿಂದ್ರಾವ ಅಂತಿದ್ಲು ನಮ್ಮವ್ವ.” ಆಮೇಲೆ ನಗೆ ತಾನಾಗಿ ನಿಂತಿತು. “ಮತ್ತ ಜಿಗೀತಾನಾ? ಅವ ಇಳಿಯೂತನಾ ತಗ್ಗ ಮುಚ್ಚಬ್ಯಾಡ್ರಿ.”

ಮುಚ್ಚಲಿಲ್ಲ. ಯಶವಂತ ಸುತ್ತ ಮುಳ್ಳು ಬಡಿದ. ಆ ಮೂಲೆಯ ಕಡೆ ಆಳುಗಳು ಕೆಲಸಕ್ಕೆ ಹೋಗದಾದರು. ಅರವತ್ತು ಬಿಲ್ಲೆಗಳ ಗಂಟನ್ನು ಚಂದ್ರವ್ವ ತನ್ನ ತಲೆದಿಂಬಿನ ಮಗ್ಗುಲಿಗೆ ಇಟ್ಟುಕೊಂಡಳು. ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಪ್ರತಿ ಸಲವೂ ಆಕೆ ಇನ್ನಷ್ಟು ಸಣ್ಣವಳಾಗಿ ಕಾಣುತ್ತಿದ್ದಳು. ಅನ್ನ ಬಿಟ್ಟಳು, ಆಮೇಲೆ ಅಂಬಲಿಯನ್ನೂ ಬಿಟ್ಟಳು. ಹೊರಸನ್ನು ಅಂಗಳಕ್ಕೆ ಹಾಕಿಸಿಕೊಂಡು ಅಂಗಾತ ಮಲಗಿ ಮುಗಿಲು ನೋಡುತ್ತಿದ್ದಳು. ಅವಳ ಮಗ ನನ್ನನ್ನು ಬದಿಗೆ ಕರೆದು, “ಡಾಕ್ಟರ್ ಏನೂ ಇಲ್ಲ ಅಂದಾರ್ರಿ. ಅವ್ವಗ ಹೋಗಾಕೂ ಆಗವಲ್ದು, ಇರಾಕೂ ಆಗವಲ್ದು. ನೀವ ಏನರ ಮಾಡ್ರಿ” ಎಂದ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸೇಠನನ್ನು ಕಾಡಿದೆ. ಬಿಲ್ಲೆ ಬರುವುದಿಲ್ಲವಾದರೆ ಅವನು ಜಿಗಿದು ಇಳಿದ ವಿಡಿಯೋವನ್ನಾದರೂ ತರಿಸು ಎಂದೆ. ದಿನಕ್ಕೆ ಎರಡು ಸಲ ಫೋನು ಮಾಡಿದೆ. ಕೊನೆಗೆ ಬೇಸತ್ತು ಒಂದು ವಿಡಿಯೋ ಕಳಿಸಿದ. ಹಳೆಯ ವಿಮಾನ, ಒಬ್ಬ ಜಿಗಿಯುತ್ತಾನೆ, ಛತ್ರಿ ಬಿಚ್ಚುತ್ತದೆ, ಒಂದು ಹುಲ್ಲುಬಯಲಿಗೆ ಇಳಿದು ಮಗುಚಿ ಬಿದ್ದು ಏಳುತ್ತಾನೆ. ಅಂಗಿಯೊಳಗಿಂದ ಕೆಂಪು ಟೊಪ್ಪಿಗೆ ತೆಗೆದು ಹಾಕಿಕೊಳ್ಳುತ್ತಾನೆ. ನಾನು ಚಿತ್ರವನ್ನು ಹಿಗ್ಗಿಸಿ ಟೊಪ್ಪಿಗೆ ನೋಡಿದೆ. ಆ ಬಿಲ್ಲೆ ನನ್ನದಲ್ಲ, ಸಿದರಾಮನದೂ ಅಲ್ಲ, ಬೇರೆ ಪಡೆಯದು. ಸೇಠ ನನ್ನ ಬಾಯಿ ಮುಚ್ಚಿಸಲು ಯಾವುದೋ ಆಟದ ಯಾವನದೋ ವಿಡಿಯೋ ಕಳಿಸಿದ್ದ. ಅದ್ಯಾರಿಗೂ ಗೊತ್ತಾಗುವಂಥದ್ದಲ್ಲ, ನನ್ನಂಥವನ ಕಣ್ಣಿಗೆ ಮಾತ್ರ.

ಗೊತ್ತಿದ್ದೂ ಅದನ್ನು ಹೊನವಾಡಕ್ಕೆ ಒಯ್ದೆ. ಅದು ಸರಿಯೋ ತಪ್ಪೋ ನನ್ನನ್ನು ಕೇಳಬೇಡಿ. ಸಾಯಲಾರದೆ ಮಲಗಿದವಳ ಮುಂದೆ ನನಗೆ ಬೇರೇನೂ ತೋಚಲಿಲ್ಲ.

ಬೆಳಗಿನ ಹೊತ್ತು, ಅಂಗಳದಲ್ಲಿ ಎಳೆ ಬಿಸಿಲು. ಮಗ ಆಕೆಯನ್ನು ಎತ್ತಿ ಒರಗಿಸಿ ಕೂರಿಸಿದ. ನಾನು ಮೊಬೈಲನ್ನು ಅವಳ ಕಣ್ಣಿನ ಹತ್ತಿರ ಹಿಡಿದೆ. “ಇಗಾ ನೋಡವ್ವಾ, ಜಿಗದ” ಎಂದೆ. ಆಕೆ ಉಸಿರು ಹಿಡಿದು ನೋಡಿದಳು. ಛತ್ರಿ ಬಿಚ್ಚಿತು. ಅವಳ ಕೈ ನನ್ನ ಮಣಿಕಟ್ಟು ಹಿಡಿಯಿತು, ಆ ಹಿಡಿತದಲ್ಲಿ ಅಷ್ಟು ಬಲ ಎಲ್ಲಿತ್ತೋ. ಅವನು ಇಳಿದ, ಬಿದ್ದ, ಎದ್ದ. “ಇಳದ ನೋಡು, ನಿಮ್ಮಪ್ಪನ ಬಿಲ್ಲೆ ಹಚಗೊಂಡಾವ” ಎಂದು ಬೆರಳು ತೋರಿಸಿದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು.

ಚಂದ್ರವ್ವ ತಲೆ ಅಲ್ಲಾಡಿಸಿದಳು.

“ಇವನಲ್ಲ.”

ನನ್ನ ಸುಳ್ಳು ಸಿಕ್ಕುಬಿತ್ತು ಎಂದು ಕಣ್ಣು ತಗ್ಗಿಸಿದೆ.

“ಇವನಲ್ಲೋ ತಮ್ಮಾ. ಇವನ ಹಿಂದ ಇಳದನಲ್ಲ, ಅಂವ. ಕಾಲ ನೆಲಕ್ಕ ಹತ್ತಿದ್ದ ನೋಡಿದಿಲ್ಲ? ಎದ್ದ ನಿಂತು ಮಣಕಾಲ ಝಾಡಿಸ್ಕೊಂಡ ನೋಡು. ನಮ್ಮವ್ವ ಹೇಳತಿದ್ಲು, ಎಲ್ಲಿ ಕುಂತೆದ್ರೂ ಮಣಕಾಲ ಝಾಡಿಸ್ತಿದ್ನಂತ ಅಂವ.” ಅವಳ ಕಣ್ಣಿನಿಂದ ನೀರು ಇಳಿಯತೊಡಗಿತು, ಮುಖ ಮಾತ್ರ ಸಣ್ಣ ಹುಡುಗಿಯ ಮುಖದಷ್ಟು ಹಸನಾಗಿತ್ತು. “ಅಪ್ಪಾ ಇಳದ. ಇನ್ನ ತಗ್ಗ ಮುಚ್ಚರಿ. ನನ್ನಷ್ಟಕ ಜಾಗಾ ಬಿಟ್ಟ ಮುಚ್ಚರಿ.”

ಅಂದೇ ಅರವತ್ತನ್ನೂ ಹುಗಿದು ಮುಚ್ಚಿದೆವು. ಆಕೆ ಒಂಬತ್ತನೆಯ ದಿನ ತೀರಿಕೊಂಡಳು, ಹೇಳಿದ ಜಾಗದಲ್ಲೇ ಮಣ್ಣು ಮಾಡಿದರು. ನಾನು ಮತ್ತೆ ಅಚ್ಚು ಕೆತ್ತಲು ಕೂರಲಿಲ್ಲ, ನಿಮ್ಮಂಥವರಿಗೆ ಕಲಿಸುವುದಷ್ಟೇ.

ಆ ವಿಡಿಯೋ ಇನ್ನೂ ನನ್ನ ಮೊಬೈಲಿನಲ್ಲಿದೆ. ಎಷ್ಟು ಸಲ ನೋಡಿದ್ದೇನೆಂದರೆ ಹುಲ್ಲು ಯಾವ ಕಡೆ ಬಾಗುತ್ತದೆ ಎಂಬುದೂ ಬಾಯಿಪಾಠವಾಗಿದೆ. ಅದರಲ್ಲಿ ಜಿಗಿಯುವವನು ಒಬ್ಬ, ಇಳಿಯುವವನು ಒಬ್ಬ. ಅವನ ಹಿಂದೆ ಬರಿಯ ಬಯಲಿದೆ. ಅವನು ಟೊಪ್ಪಿಗೆ ಹಾಕಿಕೊಂಡು ನೆಟ್ಟಗೆ ನಿಲ್ಲುತ್ತಾನೆ, ಮೊಣಕಾಲು ಝಾಡಿಸಿಕೊಳ್ಳುವುದಿಲ್ಲ.